ಒಂದೇ ಡಿಸ್ಕಿನಲ್ಲಿ ವಿಂಡೋಸ್, ಉಬುಂಟು ಮತ್ತು ಫೆಡೋರಾ: ನಾಲ್ಕು ಪಾರ್ಟಿಷನ್‌ಗಳ ಮಿತಿ ಈಗಲೂ ಇದೆಯೇ?

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನ 1 ಟಿಬಿ ಡಿಸ್ಕಿನಲ್ಲಿ ಉಬುಂಟು ಮತ್ತು ಫೆಡೋರಾ ಎಂಬ ಎರಡೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹಾಕಿಕೊಳ್ಳಬಹುದೇ, ಒಂದು ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾರ್ಟಿಷನ್ (ಡಿಸ್ಕಿನ ವಿಭಾಗ) ಮಾಡಲಾಗದೆಂಬ ಮಾತು ನಿಜವೇ ಎಂದು ನೀವು ಕೇಳಿದ್ದೀರಿ. ಧಾರಾಳವಾಗಿ ಹಾಕಿಕೊಳ್ಳಬಹುದು. ನಾಲ್ಕರ ಮಿತಿ ಒಂದು ಕಾಲಕ್ಕೆ ನಿಜವಾಗಿತ್ತು, ನಿಮ್ಮ ಯಂತ್ರಕ್ಕೆ ಅದು ಅನ್ವಯಿಸುವುದಿಲ್ಲ.

ಆ ಮಿತಿ, ಪಾರ್ಟಿಷನ್‌ಗಳ ಪಟ್ಟಿಯನ್ನಿಡುವ ಎಂಬಿಆರ್ ಎಂಬ ಹಳೆಯ ವ್ಯವಸ್ಥೆಗೆ ಸೇರಿದ್ದು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಪಾರ್ಟಿಷನ್ ಪಟ್ಟಿಗೆಂದು 64 ಬೈಟ್‌ಗಳನ್ನು ಮಾತ್ರ ಮೀಸಲಿಟ್ಟಿದ್ದರು. ಒಂದೊಂದು ನಮೂದಿಗೆ 16 ಬೈಟ್ ಬೇಕಾದ್ದರಿಂದ ನಾಲ್ಕಕ್ಕೆ ಜಾಗ ಮುಗಿಯುತ್ತಿತ್ತು, ಇನ್ನೂ ಬೇಕೆಂದವರು ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿಕೊಂಡು ಅದರೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ತುಂಬಬೇಕಾಗುತ್ತಿತ್ತು. ತಯಾರಕರೇ ವಿಂಡೋಸ್ 11 ಹಾಕಿ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಯುಇಎಫ್‌ಐ ಫರ್ಮ್‌ವೇರ್ (ಯಂತ್ರವನ್ನು ಆರಂಭಿಸುವ, ಯಂತ್ರದಲ್ಲೇ ಅಡಕವಾದ ತಂತ್ರಾಂಶ) ಮತ್ತು ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಇರುತ್ತವೆ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗವಿರುತ್ತದೆ. ಖಚಿತಪಡಿಸಿಕೊಳ್ಳಬೇಕಿದ್ದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಡಿಸ್ಕಿನ ಪ್ರಾಪರ್ಟೀಸ್‌ನಲ್ಲಿ ವಾಲ್ಯೂಮ್ಸ್ ಎಂಬಲ್ಲಿ ಪಟ್ಟಿಯ ಬಗೆ ಜಿಪಿಟಿಯೇ ಎಂದು ನೋಡಿ.

ಆದ್ದರಿಂದ ಪಾರ್ಟಿಷನ್‌ಗಳ ಎಣಿಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯೋಚಿಸಬೇಕಾದದ್ದು ಯಂತ್ರ ಆರಂಭವಾದಾಗ ಯಾವ ಬೂಟ್‌ಲೋಡರಿನ (ಆಪರೇಟಿಂಗ್ ಸಿಸ್ಟಮನ್ನು ಆರಂಭಿಸುವ ಪುಟ್ಟ ತಂತ್ರಾಂಶದ) ಕೈಯಲ್ಲಿ ಅಧಿಕಾರ ಇರಬೇಕು ಎಂಬುದನ್ನು. ನಿಮ್ಮ ಡಿಸ್ಕಿನಲ್ಲಿ ಈಗಾಗಲೇ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ, ಫ್ಯಾಟ್32 ಮಾದರಿಯ ಸಣ್ಣ ಪಾರ್ಟಿಷನ್ ಇದೆ. ವಿಂಡೋಸ್ ತಾನಾಗಿ ಮಾಡಿಕೊಂಡಿದ್ದರೆ ಅದು ಹೆಚ್ಚಾಗಿ 100 ಎಂಬಿ ಇರುತ್ತದೆ. ಮೈಕ್ರೋಸಾಫ್ಟ್, ಉಬುಂಟು, ಫೆಡೋರಾ ಮೂರೂ ಅದರೊಳಗೆ ತಂತಮ್ಮ ಹೆಸರಿನ ಫೋಲ್ಡರ್ ಮಾಡಿಕೊಂಡು ಬೂಟ್‌ಲೋಡರನ್ನು ಅಲ್ಲಿಡುತ್ತವೆ. ಒಂದು ಮತ್ತೊಂದರ ತಂಟೆಗೆ ಹೋಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್‌ಗಳನ್ನು ಕೈಯಾರೆ ಆರಿಸುವ ವಿಧಾನ ಹಿಡಿದು, ಇದೇ ಪಾರ್ಟಿಷನ್ನನ್ನು ಇಎಫ್‌ಐ ಪಾರ್ಟಿಷನ್ನಾಗಿ ತೋರಿಸಿ. ಅದರ ಎದುರಿಗಿರುವ ಫಾರ್ಮ್ಯಾಟ್ ಗುರುತು ಮಾತ್ರ ಯಾವ ಕಾರಣಕ್ಕೂ ಬೀಳದಂತೆ ನೋಡಿಕೊಳ್ಳಿ, ಏಕೆಂದರೆ ಅದು ಬಿದ್ದರೆ ವಿಂಡೋಸಿನ ಬೂಟ್‌ಲೋಡರ್ ಅಳಿದುಹೋಗುತ್ತದೆ. ಉಬುಂಟು ಮತ್ತು ಫೆಡೋರಾ ತಮ್ಮ ಕರ್ನೆಲ್‌ಗಳನ್ನು (ವ್ಯವಸ್ಥೆಯ ತಿರುಳಾದ ತಂತ್ರಾಂಶವನ್ನು) ಬೇರೆಡೆ ಇಡುವುದರಿಂದ 100 ಎಂಬಿ ಸಾಕಾಗುತ್ತದೆ. (ಪಾಪ್ ಓಎಸ್‌ನಂತಹ ಲಿನಕ್ಸ್‌ಗಳು ಕರ್ನೆಲ್ಲನ್ನೂ ಅಲ್ಲಿಯೇ ಇಡುತ್ತವೆ, ಅದನ್ನು ಹಾಕುವ ಯೋಚನೆಯಿದ್ದರೆ ಲೆಕ್ಕ ಬೇರೆ.)

ಮೂರನ್ನೂ ಗ್ರಬ್ ಎಂಬ ಲಿನಕ್ಸ್ ಬೂಟ್‌ಲೋಡರಿನ ಒಂದೇ ಮೆನುವಿನಲ್ಲಿ ತರಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಅದು ಸಾಧ್ಯ, ಆದರೆ ನಾನು ಸಲಹೆ ಮಾಡುವುದಿಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಮೂಲತಃ ನಿಷ್ಕ್ರಿಯವಾಗಿರುತ್ತದೆ. ಅದನ್ನು ಸಕ್ರಿಯಗೊಳಿಸಿದರೂ, ಫೆಡೋರಾದಲ್ಲಿ ಹೊಸ ಕರ್ನೆಲ್ ಬಂದಾಗ ಉಬುಂಟುವಿನ ಗ್ರಬ್‌ಗೆ ಅದು ತಿಳಿಯುವುದಿಲ್ಲ. ಉಬುಂಟುವಿಗೆ ಹೋಗಿ ಮೆನುವನ್ನು ಮತ್ತೆ ಬರೆಸುವವರೆಗೂ ಹಳೆಯ ಕರ್ನೆಲ್ಲೇ ಆರಂಭವಾಗುತ್ತಿರುತ್ತದೆ. ಮೇಲಾಗಿ, ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿನ ಗೂಢಲಿಪೀಕರಣ) ಇದ್ದರೆ, ಗ್ರಬ್ ಮೂಲಕ ಅದನ್ನು ಆರಂಭಿಸಿದಾಗ ಟಿಪಿಎಂ ಎಂಬ ಭದ್ರತಾ ಚಿಪ್ ಬೂಟ್ ಸರಣಿ ಬದಲಾಗಿದೆಯೆಂದು ಗಮನಿಸಿ 48 ಅಂಕಿಗಳ ರಿಕವರಿ ಕೀ ಕೇಳುವ ಸಂಭವವಿದೆ. ಇವೆಲ್ಲಕ್ಕಿಂತ ಫರ್ಮ್‌ವೇರಿನದೇ ಬೂಟ್ ಮೆನು ವಾಸಿ: ಯಂತ್ರ ಆರಂಭವಾಗುವಾಗ ಎಫ್12, ಎಫ್9 ಅಥವಾ ನಿಮ್ಮ ಮಾದರಿಗೆ ನಿಗದಿಯಾದ ಕೀಲಿ ಒತ್ತಿದರೆ ಮೂರೂ ಹೆಸರುಗಳು ಕಾಣುತ್ತವೆ, ಪ್ರತಿಯೊಂದೂ ತನ್ನದೇ ಬೂಟ್‌ಲೋಡರಿನಿಂದ ಆರಂಭವಾಗುತ್ತದೆ. ಸಹಿಯಿಲ್ಲದ ಬೂಟ್‌ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ತೆಗೆಯುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಎರಡೂ ಲಿನಕ್ಸ್‌ಗಳ ಶಿಮ್‌ಗೆ (ಗ್ರಬ್‌ಗಿಂತ ಮೊದಲು ಓಡುವ ಪುಟ್ಟ ಬೂಟ್‌ಲೋಡರಿಗೆ) ಮೈಕ್ರೋಸಾಫ್ಟಿನ ಸಹಿ ಇದೆ.

ಮುಂಚಿತವಾಗಿ ಮಾಡಬೇಕಾದ ಕೆಲಸಗಳು ಕೆಲವಿವೆ. ಕಡತಗಳ ಬ್ಯಾಕಪ್ ಹೊರಗಿನ ಡಿಸ್ಕಿನಲ್ಲಿರಲಿ, ಬಿಟ್‌ಲಾಕರ್ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸಿನ ಪಾರ್ಟಿಷನ್ನನ್ನು ಕುಗ್ಗಿಸಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟನ್ನೇ ಬಳಸಿ; ಪೇಜ್‌ಫೈಲ್, ಹೈಬರ್ನೇಶನ್ ಫೈಲ್ ಮುಂತಾದ ಕದಲದ ಕಡತಗಳು ನಡುವೆ ಕೂತಿದ್ದರೆ ನಿರೀಕ್ಷಿಸಿದಷ್ಟು ಜಾಗ ಸಿಗದಿರಬಹುದು. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿಬಿಡಿ. ಅದು ಚಾಲನೆಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುತ್ತದೆ, ಲಿನಕ್ಸ್ ಆಗ ಎನ್‌ಟಿಎಫ್‌ಎಸ್ ಮಾದರಿಯ ಆ ವಿಂಡೋಸ್ ಪಾರ್ಟಿಷನ್ನಿನಲ್ಲಿ ಬರೆಯಲು ನಿರಾಕರಿಸುತ್ತದೆ.

1 ಟಿಬಿಯಲ್ಲಿ ವಿಂಡೋಸಿಗೆ 300 ಜಿಬಿ, ಲಿನಕ್ಸ್‌ಗಳಿಗೆ ತಲಾ 100 ಜಿಬಿ ಬಿಟ್ಟು, ಉಳಿದದ್ದನ್ನು ಮೂರಕ್ಕೂ ಸಾಮಾನ್ಯವಾದ ಎನ್‌ಟಿಎಫ್‌ಎಸ್ ಡೇಟಾ ಪಾರ್ಟಿಷನ್ ಮಾಡುವುದು ನನ್ನ ಇಷ್ಟದ ಹಂಚಿಕೆ. ಎರಡು ಲಿನಕ್ಸ್‌ಗಳಿಗೂ ಒಂದೇ ಹೋಮ್ ಪಾರ್ಟಿಷನ್ (ಬಳಕೆದಾರರ ಕಡತ, ಸೆಟ್ಟಿಂಗ್‌ಗಳಿರುವ ಜಾಗ) ಕೊಡಬೇಡಿ: ಬೇರೆ ಬೇರೆ ಆವೃತ್ತಿಯ ತಂತ್ರಾಂಶಗಳು ಒಂದೇ ಸೆಟ್ಟಿಂಗ್ ಕಡತವನ್ನು ತಿದ್ದುತ್ತಾ ಹೋದರೆ ಆಗುವ ಗೊಂದಲವನ್ನು ಬಿಡಿಸುವುದು ಕಷ್ಟ. ಮೆಮೊರಿ ಸಾಲದಾದಾಗ ನೆರವಾಗುವ ಸ್ವಾಪ್ ಪಾರ್ಟಿಷನ್ ಬೇಕಾಗಿಲ್ಲ. ಉಬುಂಟು ಸ್ವಾಪ್ ಫೈಲ್ ಬಳಸುತ್ತದೆ, ಫೆಡೋರಾ 2020ರ 33ನೆಯ ಆವೃತ್ತಿಯಿಂದ, ಮೆಮೊರಿಯಲ್ಲೇ ದತ್ತಾಂಶವನ್ನು ಕುಗ್ಗಿಸಿಡುವ ಝಡ್‌ರ್‍ಯಾಮ್ ಬಳಸುತ್ತಿದೆ.

ಎಲ್ಲವೂ ಮುಗಿದ ಮೇಲೆ ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿದ್ದರೆ ಗಾಬರಿಯಾಗಬೇಡಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಮಾನಕ) ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಎರಡು ಲಿನಕ್ಸ್‌ಗಳಲ್ಲಿ ತಿದ್ದುವ ಬದಲು ವಿಂಡೋಸಿನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗ್‌ಗಳ ಭಂಡಾರದಲ್ಲಿ), ಟೈಮ್‌ಝೋನ್ ಇನ್ಫರ್ಮೇಶನ್ ಎಂಬ ಕೀಯಡಿ, ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಡಿವರ್ಡ್ ಮೌಲ್ಯವನ್ನು ಸೇರಿಸಿ 1 ಎಂದು ಕೊಟ್ಟರೆ ಮೂರೂ ಸರಿಹೋಗುತ್ತವೆ.

ಮುಂದೆಂದಾದರೂ ಫೆಡೋರಾ ಬೇಡವೆನಿಸಿದರೆ ಅದರ ಪಾರ್ಟಿಷನ್‌ಗಳನ್ನು ಅಳಿಸಿ, ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಅದರ ಫೋಲ್ಡರನ್ನು ತೆಗೆದು, ಉಬುಂಟುವಿನಿಂದ ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್ ಬಳಸಿ ಬೂಟ್ ಪಟ್ಟಿಯಲ್ಲಿನ ಹೆಸರನ್ನೂ ಅಳಿಸಿಬಿಡಿ. ಉಳಿದೆರಡಕ್ಕೆ ಏನೂ ಆಗುವುದಿಲ್ಲ.