ಹೊಸ ಆಲ್ಟರ್ನೇಟರ್ ತರಿಸುವ ಮೊದಲು ಫೀಲ್ಡ್ ತಂತಿಯನ್ನು ಅಳೆದು ನೋಡಿ

ಲ್ಯಾಂಡಿಂಗ್ ಲೈಟ್ ಹಾಕಿದೊಡನೆ ಆಮೀಟರ್ (ಕರೆಂಟ್ ಅಳೆಯುವ ಮೀಟರ್) ಮುಳ್ಳು ಕುಣಿಯುತ್ತದೆ, ವೋಲ್ಟೇಜ್ 13.6ರಿಂದ 14.9ರವರೆಗೆ ಏರಿಳಿಯುತ್ತದೆ, ಆದ್ದರಿಂದ ನಿಮ್ಮ ಆರ್‌ವಿ-7 ವಿಮಾನಕ್ಕೆ ಹೊಸ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) ತರಿಸುತ್ತಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಆ ಆರ್ಡರನ್ನು ತಡೆಹಿಡಿಯಿರಿ. ಓಷ್‌ಕಾಶ್ ವಿಮಾನ ಮೇಳಕ್ಕೆ ಹೊರಡುವ ಹಿಂದಿನ ವಾರ ನಾನೂ ಇದೇ ಲಕ್ಷಣ ಕಂಡು ಮೊದಲು ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು, ಆಮೇಲೆ ಆಲ್ಟರ್ನೇಟರನ್ನು ಬದಲಿಸಿದೆ. ಕುಣಿತ ಒಂದಿಷ್ಟೂ ಕಡಿಮೆಯಾಗಲಿಲ್ಲ.

ನಿಮ್ಮ ಚಿತ್ರದಲ್ಲಿರುವ ಫೋರ್ಡ್ ಮಾದರಿಯ ಬಿಡಿ ರೆಗ್ಯುಲೇಟರಿಗೆ ನೀವು ಒಂದೇ ತಂತಿ ಕೊಟ್ಟಿದ್ದೀರಿ. ಫೀಲ್ಡಿಗೆ (ಆಲ್ಟರ್ನೇಟರ್ ಒಳಗೆ ಕಾಂತಕ್ಷೇತ್ರ ಉಂಟುಮಾಡುವ ಸುರುಳಿಗೆ) ಬೇಕಾದ ಕರೆಂಟ್ ಬರುವುದೂ ಅದರಲ್ಲೇ, ಬಸ್ಸಿನ (ಎಲ್ಲ ಉಪಕರಣಗಳಿಗೂ ವಿದ್ಯುತ್ ಹಂಚುವ ಪಟ್ಟಿಯ) ವೋಲ್ಟೇಜ್ ಅಳೆಯುವುದೂ ಅದರಲ್ಲೇ. ದಾರಿಯಲ್ಲಿ 5 ಆಂಪಿಯರ್ ಬ್ರೇಕರ್, ಮಾಸ್ಟರ್ ಸ್ವಿಚ್ಚಿನ ಆಲ್ಟರ್ನೇಟರ್ ಭಾಗ, ಫೈರ್‌ವಾಲ್ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ) ಕನೆಕ್ಟರ್ ಇವೆಯಲ್ಲ, ಅವುಗಳಲ್ಲಿ ಒಂದು ಜೋಡಣೆ ಸಡಿಲಾದರೂ ಫೀಲ್ಡ್ ಆನ್ ಆದಾಗ ರೆಗ್ಯುಲೇಟರಿಗೆ ಇರುವುದಕ್ಕಿಂತ ಕಡಿಮೆ ವೋಲ್ಟೇಜ್ ಕಾಣುತ್ತದೆ. ಆಗ ರೆಗ್ಯುಲೇಟರ್ ಬಸ್ ವೋಲ್ಟೇಜನ್ನು ಅಗತ್ಯಕ್ಕಿಂತ ಮೇಲಕ್ಕೆ ಏರಿಸುತ್ತದೆ. ಫೀಲ್ಡ್ ಆಫ್ ಆದೊಡನೆ ಕಾಣುವ ವೋಲ್ಟೇಜ್ ಜಿಗಿಯುವುದರಿಂದ, ಬಸ್ ಬಹಳ ಕೆಳಗಿಳಿಯುವವರೆಗೂ ಅದು ಸುಮ್ಮನಿರುತ್ತದೆ. ನೀವು ನೋಡುತ್ತಿರುವ ಕುಣಿತ ಇದೇ.

ನನ್ನ ವಿಮಾನದಲ್ಲಿ ತಪ್ಪು ಇದ್ದದ್ದು ಮಾಸ್ಟರ್ ಸ್ವಿಚ್ಚಿನ ಹಿಂದಿನ ಟರ್ಮಿನಲ್‌ನಲ್ಲಿ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಅದು ಬಿಗಿಯೇ ಇಲ್ಲದೆ ಕೈಗೆ ಬಂತು. ಒಳಗಿನ ತವರ ಕಂದುಬಣ್ಣಕ್ಕೆ ತಿರುಗಿತ್ತು. ಕ್ರಿಂಪನ್ನು (ತಂತಿಯನ್ನು ಟರ್ಮಿನಲ್‌ಗೆ ಒತ್ತಿ ಹಿಡಿಸಿದ ಭಾಗವನ್ನು) ಸೀಳಿ ನೋಡಿದಾಗ ಅರ್ಧ ಭಾಗ ಇನ್ಸುಲೇಷನ್ನನ್ನು ಕಚ್ಚಿತ್ತು. 20 ಗೇಜ್ ತಂತಿಯ 19 ಎಳೆಗಳಲ್ಲಿ ಐದಾರು ಮಾತ್ರ ಹಿಡಿತದಲ್ಲಿದ್ದವು. ಹಾರ್ಡ್‌ವೇರ್ ಅಂಗಡಿಯ ಇಕ್ಕಳದಿಂದ ಒತ್ತಿದ್ದ ಕ್ರಿಂಪ್ ಅದು. ನಿಮ್ಮ ಚಿತ್ರದಲ್ಲಿಯೂ ಅದೇ ಬಗೆಯ ಇಕ್ಕಳ ಕಾಣುತ್ತಿದೆ. ವಿಮಾನಕ್ಕೆ ಅಷ್ಟು ಖರ್ಚು ಮಾಡಿದವರು ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲಿಗೆ ಲೆಕ್ಕ ಹಾಕಬಾರದು.

ಪರೀಕ್ಷಿಸುವುದು ಹೀಗೆ. ಎಂಜಿನ್ ನಿಂತಿರಲಿ, ಮ್ಯಾಗ್ನೆಟೋಗಳು (ಎಂಜಿನ್ನಿಗೆ ಕಿಡಿ ಕೊಡುವ ಸಾಧನಗಳು) ಆಫ್ ಇರಲಿ, ಪ್ರೊಪೆಲ್ಲರ್ ಬಳಿ ಯಾರೂ ಬೇಡ. ಮಾಸ್ಟರ್ ಮತ್ತು ಆಲ್ಟರ್ನೇಟರ್ ಎರಡನ್ನೂ ಆನ್ ಮಾಡಿದರೆ, ಬ್ಯಾಟರಿ 12.5 ವೋಲ್ಟ್ ಆಸುಪಾಸಿನಲ್ಲಿರುವುದರಿಂದ ರೆಗ್ಯುಲೇಟರ್ ಫೀಲ್ಡಿಗೆ ಪೂರ್ತಿ ಕರೆಂಟ್, ಸುಮಾರು 3 ಆಂಪಿಯರ್, ಕೊಡುತ್ತದೆ. ಮೀಟರಿನ ಒಂದು ಮೊನೆಯನ್ನು ಬಸ್ಸಿಗೆ, ಇನ್ನೊಂದನ್ನು ರೆಗ್ಯುಲೇಟರ್ ಇನ್‌ಪುಟ್‌ಗೆ ಇಡಿ. ನನ್ನದರಲ್ಲಿ 0.55 ವೋಲ್ಟ್ ಬಂದಿತ್ತು. ಹೊಸ ಟರ್ಮಿನಲ್ ಹಾಕಿದ ಮೇಲೆ 0.08ಕ್ಕೆ ಇಳಿಯಿತು. ವ್ಯತ್ಯಾಸ ಹೆಚ್ಚಿದ್ದರೆ ಎರಡನೆಯ ಮೊನೆಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ, ಸ್ವಿಚ್ಚನ್ನೂ ಮೆಲ್ಲಗೆ ಅಲುಗಾಡಿಸಿ. ಸೊನ್ನೆಯೇ ಬಂದರೆ ಸಂತೋಷಪಡಬೇಡಿ, ಫೀಲ್ಡಿಗೆ ಕರೆಂಟೇ ಹೋಗುತ್ತಿಲ್ಲ ಎಂದರ್ಥ. ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೀಗೆ ಬಿಡಬೇಡಿ, ಫೀಲ್ಡ್ ಸುರುಳಿ ಬಿಸಿಯಾಗುತ್ತದೆ. ರೆಗ್ಯುಲೇಟರ್ ಒಳಗೇ ಇರುವ ಕಾರಿನ ಆಲ್ಟರ್ನೇಟರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಳೆಯುವ ತಂತಿ ಬೇರೆಯಾಗಿರುವ ರೆಗ್ಯುಲೇಟರಿನಲ್ಲಿ ಈ ತೊಂದರೆಯೇ ಬಹುಮಟ್ಟಿಗೆ ಇರುವುದಿಲ್ಲ. ಬಿ ಆ್ಯಂಡ್ ಸಿಯವರ ಎಲ್‌ಆರ್3 ರೆಗ್ಯುಲೇಟರನ್ನು ನಾನು ಮೆಚ್ಚುವುದು ಅದಕ್ಕಾಗಿಯೇ, ಬೆಲೆ ಹೆಚ್ಚೆಂಬುದು ನಿಜ.

ಫೀಲ್ಡ್ ಬ್ರೇಕರ್ ಒಮ್ಮೆ ಬಿದ್ದದ್ದಕ್ಕೆ (ಟ್ರಿಪ್ ಆದದ್ದಕ್ಕೆ) 7.5 ಆಂಪಿಯರಿನದನ್ನು ಹಾಕುವೆನೆಂದಿದ್ದೀರಿ, ಖಂಡಿತ ಹಾಕಬೇಡಿ. ನಿಮ್ಮ ಓವರ್‌ವೋಲ್ಟೇಜ್ ಮಾಡ್ಯೂಲ್ ಸುಮಾರು 16 ವೋಲ್ಟ್ ಕಂಡಾಗ ಆ ಬ್ರೇಕರನ್ನು ಬೇಕೆಂದೇ ಬೀಳಿಸುತ್ತದೆ. ಕುಣಿತದ ತುದಿ ಅಲ್ಲಿಗೆ ಮುಟ್ಟಿರಬಹುದು. ಬಿ-ಲೀಡನ್ನು (ಆಲ್ಟರ್ನೇಟರಿನಿಂದ ಕರೆಂಟ್ ಹೊರತರುವ ದಪ್ಪ ತಂತಿಯನ್ನು) ಪ್ಯಾನೆಲ್ಲಿನ 60 ಆಂಪಿಯರ್ ಬ್ರೇಕರಿಗೆ ಎಳೆದು ತಂದಿರುವುದೂ ನನಗೆ ಒಪ್ಪಿಗೆಯಿಲ್ಲ. ಫೈರ್‌ವಾಲಿನ ಎಂಜಿನ್ ಬದಿಯಲ್ಲಿ, ಸ್ಟಾರ್ಟರ್ ಕಾಂಟ್ಯಾಕ್ಟರ್ (ಸ್ಟಾರ್ಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಪಕ್ಕದಲ್ಲಿ ಎಎನ್‌ಎಲ್ ಫ್ಯೂಸ್ (ಹೆಚ್ಚು ಕರೆಂಟಿನ ಫ್ಯೂಸ್) ಇಟ್ಟು ಅಲ್ಲೇ ಮುಗಿಸಿದರೆ ದಪ್ಪ ತಂತಿ ಕಾಕ್‌ಪಿಟ್ಟಿಗೆ ಬರುವುದಿಲ್ಲ, ರೇಡಿಯೋದಲ್ಲಿ ಗೊರಗೊರವೂ ಕಡಿಮೆ. ಎಂಜಿನ್ ಓಡುತ್ತಿರುವಾಗ ಮಾತ್ರ ಬಿ-ಲೀಡನ್ನು ಬಿಚ್ಚಿ ಪರೀಕ್ಷಿಸಬೇಡಿ, ಡಯೋಡುಗಳು ಹೋಗುತ್ತವೆ. ಎಂಜಿನ್ ಮೌಂಟಿನಲ್ಲಿ ರಬ್ಬರ್ ಇರುವುದರಿಂದ ಎಂಜಿನ್ನಿನಿಂದ ಫೈರ್‌ವಾಲಿಗೆ ಹೆಣೆದ ಗ್ರೌಂಡ್ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಸ್ಟಾರ್ಟರ್ ಕರೆಂಟ್ ಥ್ರಾಟಲ್ ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ.

ಮುಂದೆ ಲಿಥಿಯಂ ಬ್ಯಾಟರಿ ಹಾಕುವ ಯೋಚನೆಯಿದ್ದರೆ 13.0 ವೋಲ್ಟಿಗೆ ಹೊಂದಿಸಿರುವ ಲೋ-ವೋಲ್ಟ್ ದೀಪವನ್ನು 13.5ರ ಆಸುಪಾಸಿಗೆ ಏರಿಸಿ, ಏಕೆಂದರೆ ಆ ಬ್ಯಾಟರಿ ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದಾಗಲೂ 13.3 ತೋರಿಸುತ್ತದೆ. ಅಳೆದ ಮೇಲೆ ಯಾವ ಜೋಡಣೆಯಲ್ಲಿ ಎಷ್ಟು ಬಂತೆಂದು ಇಲ್ಲೇ ಬರೆಯಿರಿ.