ಸ್ಪ್ರಿಂಟ್ ಮುಗಿಯುವ ದಿನ ಕೆಲಸ ಉಳಿದಿದ್ದರೆ ಗಡುವು ಮುಂದೂಡುತ್ತಾರೆಯೇ?

ಇಲ್ಲ. ದಿನಾಂಕ ಕದಲುವುದಿಲ್ಲ, ಮುಗಿಯದ ಕೆಲಸವೇ ಮಾಡಬೇಕಾದ ಕೆಲಸಗಳ ಪಟ್ಟಿಗೆ ಹಿಂತಿರುಗುತ್ತದೆ.

ಸ್ಪ್ರಿಂಟ್ ಎಂಬುದು ಸ್ಕ್ರಮ್ ಪದ್ಧತಿಯ ಪದ: ಸಾಫ್ಟ್‌ವೇರ್ ತಂಡಗಳು ಹೆಚ್ಚಾಗಿ ಬಳಸುವ ಈ ಪದ್ಧತಿಯಲ್ಲಿ ಕೆಲಸವನ್ನು ಸಣ್ಣ ನಿಗದಿತ ಅವಧಿಗಳಲ್ಲಿ ಮಾಡುತ್ತಾರೆ, ಅಂಥ ಒಂದು ಅವಧಿಯೇ ಸ್ಪ್ರಿಂಟ್. ಅದರ ಅವಧಿ ಒಂದು ತಿಂಗಳನ್ನು ಮೀರುವಂತಿಲ್ಲ; ಎರಡು ವಾರ ಇಟ್ಟುಕೊಳ್ಳುವ ತಂಡಗಳೇ ಹೆಚ್ಚು.

ಕೋಲಾರದ ಎಪಿಎಂಸಿಯ ಟೊಮೆಟೊ ಹರಾಜಿನ ದರವನ್ನು ರೈತರ ಮೊಬೈಲಿಗೆ ತಲುಪಿಸುವ ಆ್ಯಪ್ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ದರ, ಎಸ್‌ಎಂಎಸ್, ಮಂಡಿಗಳ ನಡುವಿನ ಹೋಲಿಕೆ, ಹಣ ಪಾವತಿ ಎಲ್ಲವೂ ಬ್ಯಾಕ್‌ಲಾಗ್ ಎಂಬ ಪಟ್ಟಿಯಲ್ಲಿರುತ್ತವೆ. ಯಾವುದು ಮೊದಲು ಎಂಬುದನ್ನು ಪ್ರಾಡಕ್ಟ್ ಓನರ್, ಅಂದರೆ ಆ್ಯಪ್‌ನ ಹೊಣೆ ಹೊತ್ತವರು, ತೀರ್ಮಾನಿಸುತ್ತಾರೆ. ಮೊದಲ ದಿನ ಎಲ್ಲರೂ ಕುಳಿತು ಒಂದೇ ಗುರಿ ಹಿಡಿಯುತ್ತಾರೆ: 15 ಕಿಲೋ ಬಾಕ್ಸಿನ ಇಂದಿನ ದರ ರೈತರಿಗೆ ಕಾಣಬೇಕು. ಅದಕ್ಕಾಗಿ ಎಷ್ಟು ಕೆಲಸ ಎತ್ತಿಕೊಳ್ಳಬಹುದು ಎಂದು ಹೇಳಬೇಕಾದವರು ಕೋಡ್ ಬರೆಯುವವರೇ. ಮ್ಯಾನೇಜರ್ ಅದನ್ನು ಹೇರತೊಡಗಿದರೆ ಸ್ಪ್ರಿಂಟ್ ಹೆಸರಿಗಷ್ಟೇ ಉಳಿಯುತ್ತದೆ. ಹಲವು ತಂಡಗಳು ಎಡವುವುದು ಇಲ್ಲಿಯೇ.

ನಂತರ ಪ್ರತಿದಿನ 15 ನಿಮಿಷದ ಸಭೆ. ಅದು ಹಾಜರಿ ಒಪ್ಪಿಸಲು ಅಲ್ಲ, ಗುರಿಯತ್ತ ಸಾಗುತ್ತಿದ್ದೇವೆಯೇ ಎಂದು ನೋಡಿಕೊಂಡು ಆ ದಿನದ ಯೋಜನೆ ತಿದ್ದಿಕೊಳ್ಳಲು.

ಕೊನೆಗೆ ಸಿದ್ಧವಾದ ಭಾಗವನ್ನು ಬಳಸುವವರ ಮುಂದಿಡುತ್ತಾರೆ. ದರ ಕಾಣುತ್ತದೆ, ಆದರೆ ಪರೀಕ್ಷೆ ಬಾಕಿ ಇದೆ ಎಂದರೆ ಅದು ಮುಗಿದ ಕೆಲಸವಲ್ಲ. ಶೇ 90 ಮುಗಿದಿದೆ ಎಂಬ ಲೆಕ್ಕ ಇಲ್ಲಿ ಇಲ್ಲ. ಪಟ್ಟಿಗೆ ಮರಳಿದ ಕೆಲಸವನ್ನು ಮುಂದಿನ ಸ್ಪ್ರಿಂಟಿಗೆ ತಾನಾಗಿಯೇ ಸೇರಿಸುವುದಿಲ್ಲ, ಮತ್ತೆ ತೂಗಿ ನೋಡುತ್ತಾರೆ. ಕೆಲಸ ಏಕೆ ಉಳಿಯಿತು ಎಂಬುದು, ಸ್ಪ್ರಿಂಟ್ ಹೇಗೆ ನಡೆಯಿತೆಂದು ತಂಡ ಹಿಂತಿರುಗಿ ನೋಡುವ ರೆಟ್ರೋಸ್ಪೆಕ್ಟಿವ್ ಸಭೆಯಲ್ಲಿ ಚರ್ಚೆಗೆ ಬರುತ್ತದೆ. ಸಮಯವಿಲ್ಲವೆಂದು ಆ ಸಭೆಯನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ.