ಆರನೆಯದೋ, ಏಳನೆಯದೋ?

ಪ್ರಶ್ನೆ: ‘ಫೈನಲ್ ಫ್ಯಾಂಟಸಿ’ ವಿಡಿಯೊ ಗೇಮ್ ಸರಣಿಯಲ್ಲಿ ಆರನೆಯದೇ ಶ್ರೇಷ್ಠವೆಂದು ನಾನೂ, ಏಳನೆಯದೆಂದು ನಮ್ಮ ಅಣ್ಣನೂ ಮಿರ್ಚಿ-ಮಂಡಕ್ಕಿ ಮುಂದಿಟ್ಟುಕೊಂಡು ಪ್ರತಿ ಭಾನುವಾರ ವಾದಿಸುತ್ತೇವೆ. ತಾವು ಯಾರ ಪಕ್ಷ?
– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: 1987ರಲ್ಲಿ ಆರಂಭವಾದ ಈ ಜಪಾನಿ ಸರಣಿಯಲ್ಲಿ ನನ್ನ ಮತ 1994ರ ಆರನೆಯ ಭಾಗಕ್ಕೆ. ಒಬ್ಬನೇ ನಾಯಕನನ್ನು ನೆಚ್ಚದೆ 14 ಪಾತ್ರಗಳಿಗೆ ಕಥೆಯನ್ನು ಹಂಚಿ, ಖಳನಾದ ಕೆಫ್ಕಾ ನಡುದಾರಿಯಲ್ಲೇ ಲೋಕವನ್ನು ಹಾಳುಗೆಡವಿದ ಮೇಲೆ, ಚದುರಿಹೋದ ಗೆಳೆಯರನ್ನು ಹುಡುಕಿ ಕೂಡಿಸುವ ಹೊಣೆಯನ್ನು ಆಟಗಾರನಿಗೇ ಬಿಟ್ಟ ಧೈರ್ಯ ಅದರದು. ಅದರ ಒಪೆರಾ ದೃಶ್ಯದಲ್ಲಿ ಆ ಪಾತ್ರಗಳಲ್ಲೊಬ್ಬಳಾದ ಸೆಲಿಸ್ ರಂಗದ ಮೇಲೆ ಹಾಡುವಾಗ, ಮುಂದಿನ ಸಾಲು ಯಾವುದೆಂಬುದನ್ನು ನಾವೇ ನೆನಪಿಟ್ಟು ಆರಿಸಬೇಕು. ಮರೆತರೆ ಹಾಡು ಕೆಡುತ್ತದೆ. ದೊಡ್ಡಾಟದಲ್ಲಿ ಪಾತ್ರಧಾರಿಯ ಮಾತು ತಪ್ಪೀತೆಂದು ಉಸಿರು ಬಿಗಿಹಿಡಿದು ಕುಳಿತ ನಮ್ಮ ಸೀಮೆಯವರಿಗೆ ಆ ಆತಂಕ ಚೆನ್ನಾಗಿ ಗೊತ್ತು. ಮೂರು ಡಿಸ್ಕ್‌ಗಳಲ್ಲಿ ಬಂದ 1997ರ ಏಳನೆಯ ಭಾಗದ ನಗರಚಿತ್ರಣ ಬೆರಗಿನದು, ನಿಜ. ಆದರೆ ಅದರಲ್ಲಿ ನಾಯಕನ ಗೆಳತಿ ಏರಿತ್ ಸತ್ತ ಮರುಕ್ಷಣದ ಕಾಳಗದಲ್ಲಿ ಯುದ್ಧಸಂಗೀತದ ಬದಲು ನೊಬುವೊ ಉಯೆಮಾತ್ಸು ಅವರು ಅವಳಿಗಾಗಿ ರಚಿಸಿದ ರಾಗವೇ ಮುಂದುವರಿಯುತ್ತದಲ್ಲ, ಅಲ್ಲಿ ಮಾತ್ರ ನಾನು ನಿಮ್ಮ ಅಣ್ಣನವರಿಗೆ ತಲೆಬಾಗುತ್ತೇನೆ.